ಗಾಳಿ ನೋಡಲು ನೆಟ್ಟ ಅಂಗಿ

ಲೊಕ್ಕನಹಳ್ಳಿಯಿಂದ ಕಾಡಿನ ಕಡೆಗೆ ಹೋಗುವ ದಾರಿಯಲ್ಲಿ ಒಂದು ಹಳ್ಳ ಸಿಗುತ್ತದೆ. ಹಳ್ಳದ ಈಚೆ ದಡದಲ್ಲಿ ಒಂದು ದಿಣ್ಣೆ, ಆಚೆ ದಡದಲ್ಲಿ ಆನೆ ಮಲಗಿದ ಹಾಗೆ ಒಂದು ಹಾಸುಬಂಡೆ. ಎರಡರ ನಡುವೆ ನಾನೂರು ಗಜ. ಮಾವ ಕಣ್ಣಳತೆಯಲ್ಲೇ ಹಾಗೆ ಹೇಳಿದ್ದರು. ನನಗೆ ಸಮಾಧಾನವಾಗದೆ ಒಂದು ಮಧ್ಯಾಹ್ನ ಹಗ್ಗ ಹಿಡಿದು ಅಳೆದೆ. ನಾಲ್ಕು ಗಜ ಕಡಿಮೆ ಬಂತು. ಮಾವ ನಕ್ಕು, "ಆ ನಾಲ್ಕು ಗಜ ನಿನ್ಗಿರ್ಲಿ, ಮಡಿಕೊ" ಎಂದರು.

ಯುದ್ಧ ಮುಗಿದ ಮರುವರ್ಷ ಅದು. ನಾನು ಎಸ್‌.ಎಸ್‌.ಎಲ್‌.ಸಿ. ಮುಗಿಸಿ ಕೊಳ್ಳೇಗಾಲದ ಒಂದು ರೇಷ್ಮೆ ಬಿಚ್ಚುವ ಮನೆಯಲ್ಲಿ ಗೂಡು ತೂಗಿ ಲೆಕ್ಕ ಬರೆಯುತ್ತಿದ್ದೆ. ದಿನಚರಿ ಬರೆಯುವ ಅಭ್ಯಾಸ ಆಗಲೇ ಅಂಟಿತ್ತು. ಮಳೆ ಬಂದದ್ದು, ಗೂಡಿನ ಧಾರಣೆ, ಮನೆಗೆ ಬಂದವರು, ಹೋದವರು, ಎಲ್ಲವೂ ತಾರೀಖಿನ ಕೆಳಗೆ ಇರುತ್ತಿತ್ತು. ಮಾವ ಎಂದರೆ ನನ್ನ ತಾಯಿಯ ತಮ್ಮ. ಬರ್ಮಾದ ಕಾಡಿನಲ್ಲಿ ಮೂರು ವರ್ಷ ಇದ್ದು ಬಂದವರು. ದೂರದ ಗುರಿ ಹೊಡೆಯುವುದು ಅಲ್ಲಿ ಅವರ ಕೆಲಸವಾಗಿತ್ತು. ಬಂದ ಮೇಲೆ ಕೋವಿ ಮುಟ್ಟಿರಲಿಲ್ಲ. ಅಲ್ಲಿನ ವಿಷಯ ಕೇಳಿದರೆ ಒಂದೇ ಒಂದು ಸಲ ಹೇಳಿದ್ದರು: "ದೂರ್ದಲ್ಲಿ ಬಿದ್ದದ್ದು ಕಾಣ್ತದೆ ಕಣ್ಲಾ, ಕೂಗಿದ್ದು ಕೇಳಕಿಲ್ಲ. ಕೇಳ್ದೆ ಇದ್ದದ್ದೇ ಆಮ್ಯಾಕೆ ಕೇಳ್ತಾ ಇರ್ತದೆ."

ಹಳ್ಳದ ಪೂರ್ವಕ್ಕೆ, ಕೂಗಳತೆಯಲ್ಲಿ, ಒಂದು ದೊಡ್ಡಿ. ನಾಲ್ಕೈದು ಮನೆ, ದನದ ಕೊಟ್ಟಿಗೆ, ಸುತ್ತ ಮುಳ್ಳುಬೇಲಿ. ಅಲ್ಲಿಯ ಒಂದು ಮನೆಯ ಏಳು ವರ್ಷದ ಹುಡುಗನನ್ನು ಶ್ರಾವಣದ ಒಂದು ಸಂಜೆ, ಕರು ಹೊಡೆದುಕೊಂಡು ಬರುವಾಗ, ಚಿರತೆ ಹಿಡಿದಿತ್ತು. ಆ ಮೇಲೆ ಅದು ದೊಡ್ಡಿಯನ್ನು ಬಿಟ್ಟು ಹೋಗಲಿಲ್ಲ. ಒಂದು ಕರು ಹೋಯಿತು, ಎರಡು ನಾಯಿ ಹೋದವು. ಬೋನು ಇಟ್ಟು ಮೇಕೆ ಕಟ್ಟಿದರು. ಬೋನನ್ನು ಸುತ್ತಿ ಬಂದ ಹೆಜ್ಜೆ ಸಿಕ್ಕಿತು, ಮೇಕೆ ಹಾಗೇ ಇತ್ತು. ಆದರೆ ಮೂರು ನಾಲ್ಕು ದಿನಕ್ಕೊಮ್ಮೆ, ಹೊತ್ತು ಇಳಿಯುವಾಗ, ಅದು ಆ ಹಾಸುಬಂಡೆಯ ಮೇಲೆ ಬಂದು ಮಲಗುತ್ತಿತ್ತು. ಬಿಸಿಲು ಕುಡಿದ ಬಂಡೆ ಬೆಚ್ಚಗಿರುತ್ತದಲ್ಲ. ಹಳ್ಳಕ್ಕೆ ಯಾರಾದರೂ ಇಳಿದರೆ ಸಾಕು, ಎದ್ದು ಹೋಗುತ್ತಿತ್ತು.

ಹುಡುಗನ ತಂದೆ ಗೂಡು ಮಾರಲು ಬಂದವನು ನಮ್ಮ ಸಾಹುಕಾರರ ಮುಂದೆ ಇದನ್ನೆಲ್ಲ ಹೇಳಿದ. ಸಾಹುಕಾರರ ಬಳಿ ಒಂದು ರೈಫಲ್ ಇತ್ತು. ಅದರ ಲೈಸೆನ್ಸಿನಲ್ಲಿ ಮಾವನ ಹೆಸರೂ ಸೇರಿತ್ತು. ಆಗ ನಮ್ಮ ಜಿಲ್ಲೆಯಾಗಿದ್ದ ಕೊಯಮತ್ತೂರಿನಿಂದ ಅಪ್ಪಣೆಯ ಕಾಗದ ಬಂದ ಮೇಲೆ ರೈಫಲ್, ದುರ್ಬೀನು, ಆರು ತೋಟಾ ಕೊಟ್ಟರು. ತೋಟಾ ಬೇರೆಲ್ಲೂ ಸಿಗುವ ಕಾಲವಲ್ಲ. ಗಾಳಿಯ ಲೆಕ್ಕ ಬರೆಯಲು ಒಬ್ಬರು ಬೇಕು ಎಂದು ಮಾವ ನನ್ನನ್ನು ಕೇಳಿದರು. ಸಾಹುಕಾರರು ಒಪ್ಪಿದರು.

ದೊಡ್ಡಿಗೆ ಹೋದ ದಿನ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಆ ಮನೆಯ ಮೂರು ವರ್ಷದ ಹುಡುಗಿ. ಸತ್ತವನ ತಂಗಿ. ಅವಳ ಸೊಂಟಕ್ಕೆ ಹುರಿ ಕಟ್ಟಿ ಜಗಲಿಯ ಕಂಬಕ್ಕೆ ಬಿಗಿದಿದ್ದರು. ಹುರಿ ಮುಗಿಯುವಲ್ಲಿ ನೆಲದ ಮೇಲೆ ಅವಳ ಕಾಲು ತಿರುಗಿ ತಿರುಗಿ ಅರ್ಧ ಚಂದ್ರದಂಥ ಒಂದು ಗೆರೆ ಬಿದ್ದಿತ್ತು.

"ಏನ್ಮಾಡದು ಅವಾಲ್ದಾರ್ರೆ," ಎಂದ ತಂದೆ. ಮಾವ ಹವಾಲ್ದಾರರಾಗಿರಲಿಲ್ಲ, ಆದರೂ ಎಲ್ಲರೂ ಹಾಗೇ ಕರೆದರು. "ನಾವಿಬ್ರೂ ವಲಕ್ಕೆ ಓಗ್ಬೇಕು. ಇವ್ಳು ಅಣ್ಣನ್ನ ಉಡುಕ್ತೀನಿ ಅಂತ ಬೇಲಿತಾವ್ಕೆ ಓಯ್ತಳೆ. ಕಟ್ಟಾಕ್ದೆ ಇದ್ರೆ ಇದೂ ಓಯ್ತದೆ."

"ಎಷ್ಟು ದಿನ್ದಿಂದ ಕಟ್ಟಿದ್ದೀಯಪ್ಪ?"

"ಅವ್ನು ಓದ ಮಾರ್ನೆ ದಿನ್ದಿಂದ."

ಮಾವ ಹುಡುಗಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಹುರಿಯ ಗಂಟನ್ನು ನೋಡಿದರು. ಬಿಚ್ಚಲಿಲ್ಲ, ಸ್ವಲ್ಪ ಸಡಿಲ ಮಾಡಿದರು.

ದಿಣ್ಣೆಯ ಮೇಲೆ ಕೂತು ಹಾಸುಬಂಡೆ ನೋಡಿದಾಗ, ಇಷ್ಟು ಒಳ್ಳೆಯ ಕೋವಿಗೆ ಇದೇನು ದೂರ ಎಂದು ನನಗನ್ನಿಸಿತು. ಮಾವ ತಲೆ ಆಡಿಸಿದರು. ಹೊಳೆ ತುಂಬಿದಾಗ ಹರಿಗೋಲಿನಲ್ಲಿ ಕಾವೇರಿ ದಾಟಿದ್ದೀಯಲ್ಲ, ಎಂದು ಕೇಳಿದರು. ಎದುರಿನ ಕಟ್ಟೆಗೆ ಹೋಗಬೇಕಾದರೆ ಅಂಬಿಗ ಎದುರಿಗೇ ಹುಟ್ಟು ಹಾಕುವುದಿಲ್ಲ. ಮೇಲಕ್ಕೆ ಮುಖ ಮಾಡುತ್ತಾನೆ. ಹೊಳೆ ಎಷ್ಟು ಕೆಳಕ್ಕೆ ಎಳೆಯುತ್ತದೆ ಎಂದು ಅವನಿಗೆ ಗೊತ್ತು. ಗುಂಡಿಗೂ ಅಷ್ಟೆ.

"ಕೋವಿ ಬಾಯಿಂದ ಬರ್ವಾಗ ಇರೋ ಜೋರು ಅಲ್ಲಿಗಂಟ ಇರಕಿಲ್ಲ. ಗಾಳಿ ಕಣ್ಣಿಗೆ ಕಾಣಕಿಲ್ಲ ಅಷ್ಟೆ, ನೀರಿದ್ದಂಗೆ ಅದು. ಗುಂಡ್ನ ಎದೆ ಮ್ಯಾಲೆ ಕೈ ಮಡಗಿ ತಡೀತಾ ಇರ್ತದೆ. ಜೋರು ಕಮ್ಮಿ ಆದಂಗೂ ಕೆಳಕ್ಕೂ ಬೀಳ್ತದೆ, ಅಡ್ಡ ಗಾಳಿ ಇದ್ರೆ ಪಕ್ಕಕ್ಕೂ ಓಯ್ತದೆ. ಕೆಳಕ್ಕೆ ಬೀಳದು ದಿನಾ ಒಂದೇ ಲೆಕ್ಕ, ಅದ್ನ ಕಲ್ತ್ಕೋಬೋದು. ಪಕ್ಕಕ್ಕೆ ಓಗದು ಅಂಗಲ್ಲ."

ನಾನು ಜೇಬಿನಿಂದ ಒಂದು ರೇಷ್ಮೆ ಎಳೆ ತೆಗೆದು ಕಡ್ಡಿಗೆ ಕಟ್ಟಿ ಹಿಡಿದೆ. ಎಳೆ ನೇರ ನೇತಾಡಿತು. ಗಾಳಿಯೇ ಇಲ್ಲ ಎಂದೆ.

"ಇಲ್ಲಿಲ್ಲ. ನಮ್ಮ ಕೆನ್ನೆಗೆ ತಾಕೋ ಗಾಳಿ ಬ್ಯಾರೆ, ಗುಂಡು ದಾಟೋ ಗಾಳಿ ಬ್ಯಾರೆ" ಎಂದು ಹಳ್ಳದ ನಡುಭಾಗ ತೋರಿಸಿದರು.

ಹೌದು. ನಮ್ಮ ಎಡಕ್ಕೆ, ಪಶ್ಚಿಮದಲ್ಲಿ, ಎರಡು ಗುಡ್ಡಗಳ ನಡುವೆ ಒಂದು ಕಣಿವೆ ಬಾಯಿ ಇತ್ತು. ಅದರಾಚೆ ಬಿಳಿಗಿರಿ ಬೆಟ್ಟದ ಸಾಲು, ಸಾಲಿನಾಚೆ ಯಳಂದೂರು. ಅದು ಮೈಸೂರು ಸೀಮೆ, ನಾವು ಮದ್ರಾಸಿನವರು. ಅಲ್ಲಿಂದ ಅಕ್ಕಿ ತಂದರೆ ಚೌಕಿಯಲ್ಲಿ ಹಿಡಿಯುತ್ತಿದ್ದರು. ಗಾಳಿಯನ್ನು ಯಾರೂ ಹಿಡಿಯುತ್ತಿರಲಿಲ್ಲ. ಅದು ಕಣಿವೆಯಿಂದ ನುಗ್ಗಿ ಹಳ್ಳದ ನಡುವೆ ಹಾದು ದೊಡ್ಡಿಯ ಕಡೆಗೆ ಹೋಗುತ್ತಿತ್ತು. ದಿಣ್ಣೆಯ ಮರೆಯಲ್ಲಿ ಕೂತ ನಮಗೆ ಅದರ ಸುಳಿವೂ ಸಿಗುತ್ತಿರಲಿಲ್ಲ. ಹಳ್ಳದ ಆ ಭಾಗವೆಲ್ಲ ಬರಿಯ ಬಂಡೆ. ನೋಡಿ ತಿಳಿಯೋಣವೆಂದರೆ ಒಂದು ಹುಲ್ಲುಕಡ್ಡಿಯೂ ಇಲ್ಲ.

ಅಲ್ಲಿ ಒಂದು ಬಟ್ಟೆ ಕಟ್ಟಬೇಕು, ತೆಳುವಾದದ್ದು, ಬಿಳಿಯದು, ದೂರಕ್ಕೆ ಕಾಣುವಂಥದ್ದು ಎಂದು ಮಾವ ದೊಡ್ಡಿಯಲ್ಲಿ ಕೇಳಿದರು. ಬಟ್ಟೆ ಕಂಟ್ರೋಲಿನಲ್ಲಿದ್ದ ಕಾಲ. ಮೈಮೇಲಿದ್ದದ್ದು ಬಿಟ್ಟರೆ ಹೆಚ್ಚಿನವರ ಮನೆಯಲ್ಲಿ ಇನ್ನೊಂದಿರಲಿಲ್ಲ. "ನನ್ ಪಂಚೆ ಕೊಟ್ಟು ನಾನೇನ್ ಎಲೆ ಸುತ್ಕಳ್ಳಾ?" ಎಂದ ಪಕ್ಕದ ಮನೆಯ ಮುದುಕ. ಎಲ್ಲರೂ ನಕ್ಕರು. ಆ ನಗು ಮುಗಿಯುವಷ್ಟರಲ್ಲಿ ಹುಡುಗನ ತಾಯಿ ಒಳಗಿನಿಂದ ಒಂದು ಅಂಗಿ ತಂದು ಮಾವನ ಕೈಯಲ್ಲಿಟ್ಟಳು. ಬಿಳಿ ಅಂಗಿ, ಅಂಚಿನ ಹತ್ತಿರ ಎರಡು ಪಕ್ಕಕ್ಕೂ ಜೇಬು. ಬೆಳೆಯುವ ಹುಡುಗ ಎಂದು ಒಂದು ಅಳತೆ ದೊಡ್ಡದಾಗಿ ಹೊಲಿಸಿದ್ದು. ಹಬ್ಬಕ್ಕೆ ಒಂದು ಸಲ, ಮದುವೆಗೆ ಒಂದು ಸಲ ಹಾಕಿದ್ದನಂತೆ. ಸತ್ತವರ ಬಟ್ಟೆಯನ್ನು ಇನ್ನೊಬ್ಬರು ತೊಡುವಂತಿಲ್ಲ. ಮಡಿವಾಳರಿಗೆ ಕೊಡಬೇಕಿತ್ತು, ಅವಳು ಕೊಟ್ಟಿರಲಿಲ್ಲ.

"ಇದಾಯ್ತದಾ ಅಣ್ಣ?"

ಮಾವ ಅಂಗಿಯನ್ನು ಬಿಡಿಸಿ ಬೆಳಕಿಗೆ ಹಿಡಿದರು. ಆಮೇಲೆ, "ಆಯ್ತದೆ ಕಣವ್ವ" ಎಂದರು.

ಬೆದರುಬೊಂಬೆಗೆ ಮಾಡುವ ಹಾಗೆ ಒಂದು ಗಳಕ್ಕೆ ಅಡ್ಡಕೋಲು ಕಟ್ಟಿ, ಎರಡು ತೋಳಿಗೂ ಅದನ್ನು ಪೋಣಿಸಿ, ಹಳ್ಳದ ನಡುವೆ ಕಲ್ಲು ಒಟ್ಟಿ ನಿಲ್ಲಿಸಿದೆವು. ಮೈ ಸಡಿಲವಾಗಿ ನೇತಾಡುತ್ತಿತ್ತು. ಅದರ ಅಂಚು ಎಷ್ಟು ಏಳುತ್ತದೆ ಎಂಬುದೇ ನಮ್ಮ ಅಳತೆ. ಅಂಚು ಕೆಳಗೇ ಇದ್ದರೆ ಗಾಳಿ ಇಲ್ಲ, ಗುರಿಗೇ ಹಿಡಿಯಬೇಕು. ಅರ್ಧ ಎದ್ದರೆ ಒಂದು ಗೇಣು ಎಡಕ್ಕೆ. ಪೂರ್ತಿ ಎದ್ದು ನಿಂತರೆ ಒಂದು ಮೊಳ ಎಡಕ್ಕೆ. ಕಾಡಿನ ಬೇರೊಂದು ಮೂಲೆಯಲ್ಲಿ ಅಷ್ಟೇ ದೂರ ಅಳೆದು, ಮೊದಲು ಅಲ್ಲಿ ಈ ಅಂಗಿ ನೆಟ್ಟು, ಮೂರು ತೋಟಾ ಖರ್ಚು ಮಾಡಿ ಮಾವ ಇದನ್ನು ಗೊತ್ತುಮಾಡಿಕೊಂಡರು. ಉಳಿದದ್ದು ಮೂರು.

ದಿನಾ ಹೊತ್ತು ಇಳಿಯುವ ಮೊದಲು ದಿಣ್ಣೆಯ ಮೇಲೆ ಹೋಗಿ ಕೂರುತ್ತಿದ್ದೆವು. ನಾನು ದುರ್ಬೀನಿನಲ್ಲಿ ಅಂಗಿಯನ್ನು ನೋಡಿ ಹೇಳುವುದು, ಬರೆಯುವುದು. ಇಲ್ಲ, ಅರ್ಧ, ಪೂರ್ತಿ. ಇಂಥ ಲೆಕ್ಕ ನನಗೆ ಇಷ್ಟದ್ದೇ. ಆದರೆ ದುರ್ಬೀನಿನಲ್ಲಿ ಅದು ತೀರಾ ಹತ್ತಿರ ಕಾಣುತ್ತಿತ್ತು. ಗಾಳಿ ಬರುವ ಮೊದಲು ಅದೊಂದು ಬರಿಯ ಬಟ್ಟೆ. ಗಾಳಿ ಬಂತೋ, ಮೊದಲು ಬೆನ್ನು ಉಬ್ಬುತ್ತಿತ್ತು, ಆಮೇಲೆ ಭುಜ, ಆಮೇಲೆ ಎದೆ. ಕೈ ಎರಡೂ ಚಾಚಿ ಒಬ್ಬ ಹುಡುಗ ನಮಗೆ ಪಕ್ಕ ಕೊಟ್ಟು, ತನ್ನ ಮನೆಯ ಕಡೆಗೆ ಮುಖ ಮಾಡಿ ನಿಂತಿರುತ್ತಿದ್ದ. ಕುತ್ತಿಗೆ ಇರಬೇಕಾದಲ್ಲಿ ಆಚೆಯ ಬಂಡೆ ಕಾಣುತ್ತಿತ್ತು. ಗಾಳಿ ಬಿಟ್ಟರೆ ಅವನು ಇಲ್ಲ. ಮತ್ತೆ ಬಂದರೆ ಮತ್ತೆ ಇದ್ದಾನೆ. ಕಣ್ಣು ತೆಗೆಯುವಂತಿಲ್ಲ, ಅದೇ ನನ್ನ ಕೆಲಸ. ಕೆಲವು ದಿನದ ಮೇಲೆ ಪುಟದಲ್ಲಿ "ಪೂರ್ತಿ" ಎಂದು ಬರೆಯುವಾಗ ಕೈ ತಡೆಯತೊಡಗಿತು.

ತಾಯಿ ಕಣದ ಅಂಚಿನಲ್ಲಿ ಕೂತು ನೋಡುತ್ತಿದ್ದಳು. ನಾವು ಇಳಿದು ಬಂದಾಗ ನನ್ನನ್ನೇ ಕೇಳುತ್ತಿದ್ದಳು.

"ಈವತ್ತು ಎಷ್ಟು ತುಂಬ್ತು ಮಗ?"

"ಅರ್ಧ ಕಣವ್ವ."

"ನಿನ್ನೆ ಪೂರ್ತಿ ಬಂದಿದ್ದ" ಎನ್ನುತ್ತಿದ್ದಳು. ಬಂದಿತ್ತು ಎನ್ನುತ್ತಿರಲಿಲ್ಲ. ನಾನು ತಿದ್ದಲಿಲ್ಲ.

ಚಿರತೆ ಮಾತ್ರ ಬರಲಿಲ್ಲ. ಹೊಸದಾಗಿ ನೆಟ್ಟ ಗಳದ ಮೇಲೆ ಅದಕ್ಕೆ ಅನುಮಾನ ಬಂದಿರಬೇಕು ಎಂದರು ಮಾವ. ಎರಡು ವಾರ ಕಳೆದ ಮೇಲೆ ಬಂತು. ಬಂದದ್ದು ಮಾಲಯ ಅಮಾವಾಸ್ಯೆಯ ದಿನ. ಬೆಳಿಗ್ಗೆಯಿಂದ ದೊಡ್ಡಿಯ ಎಲ್ಲ ಮನೆಯಲ್ಲೂ ಹಿರಿಯರಿಗೆ ಎಡೆ ಇಡುವ ಗಡಿಬಿಡಿ. ಹೊರಡುವಾಗ ಆ ಪಕ್ಕದ ಮನೆಯ ಮುದುಕ ಅಡ್ಡ ಬಂದ.

"ಅಮಾಸೆ ದಿನ ಕೋವಿ ಎತ್ಬ್ಯಾಡಿ ಅವಾಲ್ದಾರ್ರೆ. ಬೆಟ್ಟದ ಮಾದಪ್ಪನ ದಿನ. ಉಲಿ ಏರೋ ದ್ಯಾವ್ರು, ಅದು ಅವನ್ ಕೂಸು."

"ಅದಕ್ಕೆ ಅಮಾಸೆ ಉಣ್ಣಿಮೆ ಗೊತ್ತಿದ್ರೆ ಬರಕಿಲ್ಲ ಬಿಡು ತಾತ" ಎಂದರು ಮಾವ.

ಬಂತು. ಬಿಸಿಲು ಕೆಂಪಾಗುವ ಹೊತ್ತಿಗೆ ಬಂಡೆಯ ಮೇಲೆ ಈಗಷ್ಟೇ ಇರದಿದ್ದದ್ದು, ಮತ್ತೆ ನೋಡಿದರೆ ಇತ್ತು. ತಲೆ ಬಲಕ್ಕೆ ಹಾಕಿ ಉದ್ದಕ್ಕೆ ಮಲಗಿತ್ತು. ಮಾವ ಉಸಿರು ನಿಧಾನ ಮಾಡಿ, "ಗಾಳಿ" ಎಂದರು. ನಾನು ಅಂಗಿ ನೋಡಿದೆ. ಅಂಚು ಅಲುಗಲಿಲ್ಲ. ಇನ್ನಷ್ಟು ಹೊತ್ತು ನೋಡಿದೆ. ಎದೆಯ ಹತ್ತಿರ ಸ್ವಲ್ಪ ಉಬ್ಬಿದ ಹಾಗೆ ಕಂಡಿತು, ಅಂಚು ಕೆಳಗೇ ಇತ್ತು. "ಇಲ್ಲ" ಎಂದೆ.

ಗುಂಡು ಹೊರಟಿತು. ದುರ್ಬೀನನ್ನು ಬಂಡೆಗೆ ತಿರುಗಿಸುವಷ್ಟರಲ್ಲಿ ಚಿರತೆಯ ಮೂತಿಯ ಮುಂದೆ ಬಂಡೆಯ ಪುಡಿ ಎದ್ದು ಹರಡುತ್ತಿತ್ತು. ಚಿರತೆ ಇರಲಿಲ್ಲ. ಪುಡಿ ಮಾತ್ರ ಗಾಳಿಯಲ್ಲಿ ಬಲಕ್ಕೆ ಬಲಕ್ಕೆ ಓಡಿತು.

ಮಾವ ತಮ್ಮ ಬಲಗೈಯನ್ನು ಎತ್ತಿ ನೋಡಿಕೊಂಡರು. ಯಾರದೋ ಕೈ ನೋಡುವ ಹಾಗೆ. "ಓಯ್ತು ಅನ್ಸ್ತದೆ ಕಣ್ಲಾ. ಕೈಯೇ ಓಯ್ತು" ಎಂದರು.

ಇಬ್ಬರೂ ಹಳ್ಳಕ್ಕೆ ಇಳಿದೆವು. ದಿಣ್ಣೆಯ ಮರೆ ದಾಟಿದ್ದೇ ತಡ, ನನ್ನ ಪಂಚೆ ಕಾಲಿಗೆ ಸುತ್ತಿಕೊಂಡಿತು. ಮಾವನ ತಲೆಯ ವಸ್ತ್ರ ಹಾರಿ ಬಂಡೆಗಳ ಮೇಲೆ ಉರುಳಿತು. ಅಂಥ ಗಾಳಿಯಲ್ಲಿ ಅಂಗಿ ನೇರವಾಗಿ ನೇತಾಡುತ್ತಿತ್ತು. ನಾನು ದೂರದಲ್ಲೇ ನಿಂತೆ. ಒಳಗೆ ಯಾರೋ ಬಿಗಿಹಿಡಿದು ನಿಂತಿದ್ದಾರೆ ಎಂದೇ ಆ ಗಳಿಗೆಯಲ್ಲಿ ನಂಬಿದೆ. ಈಗ ಹಗಲಿನಲ್ಲಿ ಕೂತು ಬರೆಯುವಾಗಲೂ ಅದನ್ನು ಸುಳ್ಳೆನ್ನಲು ಮನಸ್ಸು ಬರುವುದಿಲ್ಲ.

ಮಾವ ಹೋಗಿ ಜೇಬಿಗೆ ಕೈ ಹಾಕಿದರು. ಒಂದರಲ್ಲಿ ಬಾಳೆ ಎಲೆಯಲ್ಲಿ ಸುತ್ತಿದ ಕಜ್ಜಾಯ, ನಾಲ್ಕೋ ಐದೋ, ಎಣ್ಣೆ ಬಟ್ಟೆಗೆ ಇಳಿದಿತ್ತು. ಇನ್ನೊಂದರಲ್ಲಿ ಒಂದು ಬುಗುರಿ, ಕಬ್ಬಿಣದ ಮೊಳೆಯದು, ಅದರ ಚಾಟಿ ಸಮೇತ, ಮೇಲೊಂದು ಅಚ್ಚು ಬೆಲ್ಲ. ಆ ಭಾರಕ್ಕೆ ಅಂಚು ಏಳದೆ ನಿಂತಿತ್ತು.

ನನಗೆ ಅರ್ಥವಾದದ್ದು ನಿಧಾನವಾಗಿ. ಆ ಮನೆಯಲ್ಲಿ ಹಿರಿಯರ ಸಾಲಿನಲ್ಲಿ ಚಿಕ್ಕ ಮಕ್ಕಳಿಗೆ ಎಡೆ ಇಡುವ ರೂಢಿ ಇರಲಿಲ್ಲ. ತಾತನಿಗೆ, ಮುತ್ತಾತನಿಗೆ ಎಲೆ ಹಾಕಿದ್ದರು. ಹುಡುಗನಿಗೆ ಹಾಕಿರಲಿಲ್ಲ. ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಾಗ ತಾಯಿ, ಚಿರತೆ ಇರುವ ಹಳ್ಳಕ್ಕೆ ಒಬ್ಬಳೇ ಇಳಿದು, ಅವನ ಪಾಲನ್ನು ಅವನ ಜೇಬಿಗೆ ಹಾಕಿ ಬಂದಿದ್ದಳು.

ಗುಂಡು ತಾಕಿದ ಗುರುತು ಹಾಸುಬಂಡೆಯ ಮೇಲೆ ಸೀಸದ ಮಸಿಯಾಗಿ ಉಳಿದಿತ್ತು. ಮಾವ ಮೊಳಕೈ ಊರಿ ಅಳೆದರು. ಅವರು ಗುರಿ ಹಿಡಿದ ಜಾಗದಿಂದ ಬಲಕ್ಕೆ ಸರಿಯಾಗಿ ಒಂದು ಮೊಳ.

"ನಿಮ್ಮ ಕೈ ಸರಿಯಾಗೇ ಇದೆ ಮಾವ. ಗಾಳಿ ಪೂರ್ತಿ ಇತ್ತು" ಎಂದೆ.

"ಊಂ."

"ಹೋಗಿ ಹೇಳೋಣ. ಇಲ್ಲದಿದ್ದರೆ ಊರವರೆಲ್ಲ ನಿಮ್ಮನ್ನ ಆಡಿಕೊಳ್ತಾರೆ."

"ಏನಂತ ಯೋಳ್ತೀಯ? ನೀನಿಟ್ಟ ಕಜ್ಜಾಯ ಚಿರ್ತೆ ಜೀವ ಉಳಿಸ್ತು ಅಂತ ಆ ಎಂಗ್ಸಿಗೆ ಯೋಳ್ತೀಯೇನ್ಲಾ?"

ಕಜ್ಜಾಯವನ್ನೂ ಬುಗುರಿಯನ್ನೂ ಇದ್ದ ಹಾಗೇ ಜೇಬಿಗೆ ಹಾಕಿ, ಅಂಗಿಯನ್ನು ಗಳದಿಂದ ಇಳಿಸಿ ಮಡಚಿ ಹೆಗಲ ಮೇಲೆ ಹಾಕಿಕೊಂಡರು. ದೊಡ್ಡಿಯಲ್ಲಿ ಎಲ್ಲರೂ ಸದ್ದು ಕೇಳಿ ಹೊರಗೆ ನಿಂತಿದ್ದರು. ಮುದುಕನೇ ಮೊದಲು ಬಾಯಿ ತೆಗೆದ.

"ಯೋಳ್ನಿಲ್ವಾ? ಮಾದಪ್ಪನ ದಿನ ಒಡೆದ್ರೆ ತಾಕ್ತದಾ? ಬರ್ಮಾ ಅಂತೆ ಬರ್ಮಾ. ಇಲ್ಲಿ ಬಂಡೆ ಒಡ್ಯಕ್ಕೆ ಅಲ್ಲಿಗಂಟ ಓಗ್ಬೇಕಿತ್ತಾ?"

"ತಪ್ಪಾಯ್ತು ತಾತ. ನಿನ್ ಮಾತು ಕೇಳ್ಬೇಕಿತ್ತು" ಎಂದರು ಮಾವ.

ತಾಯಿಯ ಕಣ್ಣು ಅಂಗಿಯ ಮೇಲಿತ್ತು. ಮಾವ ಅದನ್ನು ಅವಳ ಕೈಗೆ ಕೊಟ್ಟರು. ಅವಳು ಜೇಬನ್ನು ಹೊರಗಿನಿಂದಲೇ ಮುಟ್ಟಿ ನೋಡಿಕೊಂಡಳು.

"ನಾನಿಟ್ಟದ್ಕಾ ಅಣ್ಣ?" ಎಂದಳು, ನಮಗೆ ಮಾತ್ರ ಕೇಳುವಷ್ಟು.

"ಅಮಾಸೆ ಕಣವ್ವ. ಕೇಳ್ನಿಲ್ವಾ ತಾತ ಯೋಳಿದ್ದ?"

"ಮತ್ಯಾಕೆ ತಂದೆ ಇದ್ನ?"

"ಬಟ್ಟೆ ಅರಿದೋಯ್ತದೆ. ಮನೇಲಿರ್ಲಿ."

ಅವಳು ನಂಬಿದಳೋ ಇಲ್ಲವೋ, ಮುಖದಿಂದ ತಿಳಿಯಲಿಲ್ಲ. ಅಂಗಿಯನ್ನು ಎದೆಗೆ ಒತ್ತಿಕೊಂಡು ಒಳಗೆ ಹೋದಳು. ಹುಡುಗಿ ಹುರಿಯ ತುದಿಯಲ್ಲಿ ನಿಂತು ನಮ್ಮನ್ನೇ ನೋಡುತ್ತಿದ್ದಳು.

ಮರುದಿನ ನಾನು ಕೊಳ್ಳೇಗಾಲಕ್ಕೆ ಹೋಗಿ ಸಾಹುಕಾರರನ್ನು ಕೇಳಿ, ಬಿಚ್ಚಿ ಉಳಿದ ರೇಷ್ಮೆಯ ಸಿಕ್ಕನ್ನು ಎರಡು ಹಿಡಿ ತಂದೆ. ಅದನ್ನು ಜಡೆಯ ಹಾಗೆ ಸಡಿಲವಾಗಿ ಗಳದ ತುದಿಗೆ ಕಟ್ಟಿದೆವು. ಇಳಿಬಿಸಿಲಿನಲ್ಲಿ ಅದು ಹೊಳೆಯುತ್ತಿತ್ತು, ಉಸಿರು ತಾಕಿದರೂ ಏಳುತ್ತಿತ್ತು. ಅಂಗಿಯ ಲೆಕ್ಕ ಇದಕ್ಕೆ ಸಲ್ಲದೆಂದು ಮಾವ ಒಂದು ಬೆಳಿಗ್ಗೆ ಹಳ್ಳದಲ್ಲಿ ನಿಂತು, ಕೆನ್ನೆಗೆ ತಾಕುವ ಗಾಳಿಯ ಜೊತೆ ತಾಳೆ ನೋಡಿ ಅರ್ಧ, ಪೂರ್ತಿಗಳನ್ನು ಹೊಸದಾಗಿ ಗೊತ್ತುಮಾಡಿದರು. ಇದು ಮೊದಲೇ ಯಾಕೆ ಹೊಳೆಯಲಿಲ್ಲ ಎಂದು ಇಬ್ಬರೂ ಒಬ್ಬರನ್ನೊಬ್ಬರು ಕೇಳಲಿಲ್ಲ. ರೇಷ್ಮೆಯಲ್ಲಿ ಯಾರೂ ಇರಲಿಲ್ಲ. ನನಗೆ ಹಗುರವಾಗಬೇಕಿತ್ತು. ಆದರೆ ದುರ್ಬೀನು ಎತ್ತಿದಾಗಲೆಲ್ಲ ಕಣ್ಣು ಮೊದಲು ಗಳದ ಕೆಳಗೆ, ಹುಡುಗನ ಎತ್ತರಕ್ಕೆ, ಹೋಗುತ್ತಿತ್ತು. ಅಲ್ಲಿ ಬರಿಯ ಬಂಡೆ ಇರುವುದನ್ನು ಖಚಿತ ಮಾಡಿಕೊಂಡು ಆಮೇಲೆ ಮೇಲೆ ನೋಡುತ್ತಿದ್ದೆ. ತಾಯಿ ಕಣದ ಅಂಚಿಗೆ ಬರುವುದನ್ನು ಬಿಟ್ಟಳು. ನಾವು ಇಳಿದು ಬಂದರೆ ಏನೂ ಕೇಳುತ್ತಿರಲಿಲ್ಲ.

ಮಾವ ರಾತ್ರಿ ಊಟ ಸರಿಯಾಗಿ ಮಾಡುತ್ತಿರಲಿಲ್ಲ. ಲೆಕ್ಕದಿಂದ ಕೈ ನಿರ್ದೋಷಿ ಎಂದು ಗೊತ್ತಾದರೂ, ಕೈ ಅದನ್ನು ನಂಬಿದ ಹಾಗೆ ಕಾಣಲಿಲ್ಲ. ಖಾಲಿ ರೈಫಲನ್ನು ಹೆಗಲಿಗೆ ಏರಿಸಿ, ಇಳಿಸಿ, ಮತ್ತೆ ಏರಿಸಿ ನೋಡುತ್ತಿದ್ದರು. ಎರಡು ತೋಟಾ ಇದ್ದವು. ಆದರೆ ಇನ್ನೊಂದು ತಪ್ಪಿದರೆ ಚಿರತೆ ಆ ಬಂಡೆಗೆ ಮತ್ತೆ ಬರುವುದಿಲ್ಲ, ಆಗ ಆ ಹುಡುಗಿಯ ಹುರಿ ಯಾವತ್ತಿಗೂ ಬಿಚ್ಚುವುದಿಲ್ಲ ಎಂದು ಒಂದು ಸಲ ಹೇಳಿದರು.

ಒಂಬತ್ತನೆಯ ಸಂಜೆ ಅದು ಬಂತು. ಬಂಡೆಯ ಮೇಲೆ ಬಹಳ ಹೊತ್ತು ನಿಂತೇ ಇತ್ತು. ಆಮೇಲೆ ಮಲಗಿತು. ರೇಷ್ಮೆ ಎದ್ದು ಪೂರ್ವಕ್ಕೆ ಚಾಚಿತು, ಇಳಿಯಿತು, ಮತ್ತೆ ಎದ್ದು ಅರ್ಧಕ್ಕೆ ನಿಂತಿತು. "ಅರ್ಧ" ಎಂದೆ. ಮಾವ ಹೊಡೆಯಲಿಲ್ಲ. ರೇಷ್ಮೆ ಪೂರ್ತಿ ಎದ್ದಿತು. "ಪೂರ್ತಿ." ಆಗಲೂ ಹೊಡೆಯಲಿಲ್ಲ. ಮತ್ತೆ ಅರ್ಧಕ್ಕೆ ಬಂದು ಅಲ್ಲೇ ನಿಂತಿತು. ನಾನು ಹೇಳಿದೆ, ಮಾತು ಮುಗಿಯುವ ಮೊದಲೇ ಗುಂಡು ಹೊರಟಿತು. ಚಿರತೆ ಏಳಲಿಲ್ಲ. ತಲೆ ಮಾತ್ರ ಮುಂಗಾಲಿನ ಮೇಲೆ ಇಳಿಯಿತು. ಸದ್ದು ಆಚೆಯ ಗುಡ್ಡಕ್ಕೆ ಬಡಿದು ತಿರುಗಿ ಬಂತು. ಅಷ್ಟು ದೂರದಿಂದ ಬೇರೇನೂ ಕೇಳಲಿಲ್ಲ. ಮಾವ ಕಿವಿಗೊಟ್ಟು ಕೂತೇ ಇದ್ದರು.

ಗಂಡಸರು ಗಳ ಹಿಡಿದು ಹಳ್ಳಕ್ಕೆ ಓಡಿದರು. ನಾವು ದೊಡ್ಡಿಗೆ ಬಂದಾಗ ಹುಡುಗಿಯ ತಂದೆ ಹುರಿಯನ್ನು ಆಗಲೇ ಬಿಚ್ಚಿ ಕಂಬಕ್ಕೆ ಸುತ್ತಿ, ತಾನೂ ಹಳ್ಳದ ಕಡೆ ಹೋಗಿದ್ದ. ಹುಡುಗಿ ಅಂಗಳದಲ್ಲಿ ಆ ಅರ್ಧ ಚಂದ್ರದ ಗೆರೆಯ ತನಕ ಬಂದು ನಿಂತಿದ್ದಳು. ಗೆರೆ ದಾಟಲಿಲ್ಲ. ಮಾವ ಕೈ ಚಾಚಿ ಕರೆದರು. ಬರಲಿಲ್ಲ.

ತಾಯಿ ಬಾಗಿಲಲ್ಲಿದ್ದಳು. ಚಿರತೆಯ ವಿಷಯ ಕೇಳಲಿಲ್ಲ.

"ಗಾಳಿ ಯಾವ್ ಕಡೀಕಿತ್ತು ಮಗ?" ಎಂದಳು ನನ್ನನ್ನು.

"ಕಣಿವೆಯಿಂದ ಈ ಕಡೆಗೆ. ದೊಡ್ಡಿ ಕಡೆಗೆ."

"ಅಲ್ಲಿ ಅಂಗಿ ಇರ್ನಿಲ್ವಲ್ಲ, ತಡ್ಯಕ್ಕೆ."

"ಇರಲಿಲ್ಲ."

"ಅಂಗಾರೆ ಇತ್ಲಾಗೇ ಬಂದವ್ನೆ."

ನಾನು ಮಾವನನ್ನು ನೋಡಿದೆ. ಗಾಳಿ ತಳ್ಳುವುದು ಬಿಟ್ಟು ಬೇರೇನನ್ನೂ ಮಾಡುವುದಿಲ್ಲ ಎಂದು ಒಂದು ತಿಂಗಳಿನಿಂದ ನನಗೆ ಪಾಠ ಹೇಳಿದವರು ಅವರು. ಅವರು ಹೆಗಲಿನಿಂದ ರೈಫಲ್ ಇಳಿಸಿ ಗೋಡೆಗೆ ಆನಿಸಿ, "ಊಂ ಕಣವ್ವ, ಇತ್ಲಾಗೇ" ಎಂದರು.

ಅವಳು ಅಂಗಳಕ್ಕೆ ಬಂದು ಮಗಳ ಬೆನ್ನ ಮೇಲೆ ಕೈ ಇಟ್ಟಳು. "ಓಗವ್ವ," ಎಂದಳು. "ಅಣ್ಣ ಬಂದವ್ನೆ, ಆಟಾಡೋಗು."

ಹುಡುಗಿ ಅವಳ ಮುಖ ನೋಡಿದಳು, ಖಾಲಿ ಅಂಗಳ ನೋಡಿದಳು, ಒಂದು ಕಾಲನ್ನು ಗೆರೆಯಾಚೆ ಇಟ್ಟಳು. ಆಮೇಲೆ ಬೇಲಿಯ ತನಕ ಓಡಿದಳು.